ಮುಳುಗಡೆಯಿಂದ ಎಮರ್ಜೆನ್ಸಿಯವರೆಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮಕ್ಕಳು ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ, ದಿನಕ್ಕೆ ಇಪ್ಪತ್ತು. ವಾರ ಕಳೆಯುವಷ್ಟರಲ್ಲಿ ಅರ್ಧಕ್ಕರ್ಧ ಮರೆತುಹೋಗಿ, ತಮಗೆ ನೆನಪಿನ ಶಕ್ತಿಯೇ ಇಲ್ಲವೆಂದು ಕೊರಗುತ್ತಾರೆ. ತಪ್ಪು ನಿಮ್ಮದಲ್ಲ. ಒಂದಕ್ಕೊಂದು ನಂಟಿಲ್ಲದ ಪದಗಳು ಯಾರ ತಲೆಯಲ್ಲೂ ನಿಲ್ಲುವುದಿಲ್ಲ.

ಕನ್ನಡವನ್ನು ನೀವು ಹೀಗೆ ಕಲಿಯಲಿಲ್ಲವಲ್ಲ. 'ಆಡು' ಗೊತ್ತಿದ್ದವರಿಗೆ 'ಆಟ' ತಾನೇ ತಿಳಿಯಿತು. ಓಡು–ಓಟ, ನೋಡು–ನೋಟ, ಕೂಡು–ಕೂಟ ಅದರ ಹಿಂದೆಯೇ ಬಂದವು. 13ನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಧಾತುಗಳಿಗೇ ಒಂದು ಪ್ರಕರಣ ಮೀಸಲಿಟ್ಟಿದ್ದಾನೆ. ಇಂಗ್ಲಿಷಿಗೂ ಇಂಥ ಧಾತುಗಳಿವೆ. ಕಚೇರಿ, ಪರೀಕ್ಷೆ, ಪತ್ರಿಕೆಗಳಲ್ಲಿ ಕಾಣುವ ದೊಡ್ಡ ಪದಗಳಲ್ಲಿ ಬಹಳಷ್ಟು ಲ್ಯಾಟಿನ್ ಧಾತುಗಳಿಂದ ಹುಟ್ಟಿದವು.

ನಮ್ಮ ಮನೆಮಾತಿನದೇ ಒಂದು ಪದದಿಂದ ಶುರು ಮಾಡೋಣ: ಮುಳುಗಡೆ. ಆಲಮಟ್ಟಿ, ನಾರಾಯಣಪುರದ ಹಿನ್ನೀರು ಎಷ್ಟೋ ಊರುಗಳನ್ನು ನುಂಗಿದ ಸೀಮೆ ಇದು. "ನಮ್ಮ ಹೊಲಾ ಮುಳುಗಡಿ ಆಗೈತ್ರೀ" ಅನ್ನುವ ಮಾತು ಕೇಳದವರಿಲ್ಲ. ಕಚೇರಿ ಕಾಗದದಲ್ಲಿ ಅದೇ 'ಸಬ್‌ಮರ್ಜ್'. 'ಸಬ್' ಅಂದರೆ ಕೆಳಗೆ, 'ಮರ್ಜ್' ಅಂದರೆ ಮುಳುಗು. ಈಗ 'ಸಬ್' ತೆಗೆದು ಆ ಜಾಗದಲ್ಲಿ 'ಎಕ್ಸ್'ನ ಗಿಡ್ಡ ರೂಪವಾದ ಇಂಗ್ಲಿಷಿನ 'ಇ' ಅಕ್ಷರ ಇಡಿ. ಅದರ ಅರ್ಥ ಹೊರಗೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಗೋಡೆಗಳು ಮೆಲ್ಲಗೆ ತಲೆ ಎತ್ತುತ್ತವಲ್ಲ, ಅದು 'ಎಮರ್ಜ್'. ಏನೂ ಸುಳಿವು ಕೊಡದೆ ಏಕಾಏಕಿ ಮೇಲೆದ್ದು ಬಂದದ್ದು 'ಎಮರ್ಜೆನ್ಸಿ'. ನೀರು ಕಾಯಿಸಲು ಬಕೆಟ್ಟಿನಲ್ಲಿ ಮುಳುಗಿಸುವ ಕಡ್ಡಿ 'ಇಮರ್ಷನ್ ರಾಡ್'. ಇಲ್ಲಿ ಮರ್ಜ್ ಹೋಗಿ ಮರ್ಷ್ ಆಗಿದೆ, ಗಾಬರಿಯಾಗಬೇಡಿ. 'ಓಡು' 'ಓಟ' ಆಗಲಿಲ್ಲವೇ?

ಇದೇ 'ಇ' ಇನ್ನೊಂದು ಹಳೆಯ ಗೊಂದಲವನ್ನೂ ಬಿಡಿಸುತ್ತದೆ. ಅಫೆಕ್ಟ್, ಎಫೆಕ್ಟ್ ಎರಡರ ಒಳಗೂ 'ಮಾಡು' ಎಂಬ ಅರ್ಥದ ಒಂದೇ ಧಾತು ಇದೆ. ಅಫೆಕ್ಟ್‌ನ ಮೊದಲಿಗೆ ಇರುವುದು 'ಆಡ್', ಅಂದರೆ ಒಂದರ ಕಡೆಗೆ. ಎಫೆಕ್ಟ್‌ನ ಮೊದಲಿಗೆ ಇರುವುದು ಹೊರಗೆ ಅನ್ನುವ 'ಎಕ್ಸ್'. ಮಳೆ ಕೈಕೊಟ್ಟರೆ ಅದು ತೊಗರಿಯನ್ನು ಅಫೆಕ್ಟ್ ಮಾಡುತ್ತದೆ; ಕಾಯಿ ಕಟ್ಟದೆ ಹೋದದ್ದು ಹೊರಬಂದ ಫಲ, ಅದೇ ಎಫೆಕ್ಟ್. ಶುರುವಿಗೆ ಇಷ್ಟು ಸಾಕು.

ಟ್ರಿಬ್ಯುಟರಿ, ಡಿಸ್ಟ್ರಿಬ್ಯುಟರಿ ಜೋಡಿಯಲ್ಲೂ ಬಹಳ ಜನ ಎಡವುತ್ತಾರೆ. 'ಟ್ರಿಬ್ಯೂಟ್' ಅಂದರೆ ಕಪ್ಪ. ಸಾಮಂತ ದೊರೆಗೆ ಕಪ್ಪ ಒಪ್ಪಿಸುವಂತೆ ನಮ್ಮ ಡೋಣಿ, ಭೀಮಾ ನದಿಗಳು ತಮ್ಮ ನೀರನ್ನು ಕೃಷ್ಣೆಗೆ ಒಪ್ಪಿಸುತ್ತವೆ. ಅವು ಟ್ರಿಬ್ಯುಟರಿ, ಉಪನದಿಗಳು. 'ಡಿಸ್' ಅಂದರೆ ಬೇರೆ ಬೇರೆಯಾಗಿ. ಇಂಡಿ ಶಾಖಾ ಕಾಲುವೆಯಂಥ ದೊಡ್ಡ ಕಾಲುವೆಯಿಂದ ಒಡೆದು ಹೊಲಗಳ ಕಡೆ ನೀರು ಹಂಚುವ ಕಿರುಗಾಲುವೆ ಡಿಸ್ಟ್ರಿಬ್ಯುಟರಿ. ಒಂದು ತಂದು ಕೊಡುತ್ತದೆ, ಇನ್ನೊಂದು ಹಂಚಿ ಕೊಡುತ್ತದೆ. ಕಾಲುವೆ ದಂಡೆಯ ಮೇಲೆ ನಿಂತು ಒಮ್ಮೆ ಹೇಳಿಕೊಳ್ಳಿ, ಮತ್ತೆ ಮರೆಯುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು: ಕಾಗುಣಿತ ಒಂದೇ ಆದ ಮಾತ್ರಕ್ಕೆ ಮೂಲ ಒಂದೇ ಆಗಬೇಕಿಲ್ಲ. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಂಡಿ ಲಿಂಬೆಯನ್ನು ಇಂಗ್ಲಿಷಿನಲ್ಲಿ 'ಲೈಮ್' ಎನ್ನುತ್ತಾರೆ. ಲೆಮನ್ ಅಂದರೆ ಬೇರೆ ಹಣ್ಣು. ಎಲೆಅಡಿಕೆಗೆ ಹಚ್ಚುವ ಸುಣ್ಣವೂ ಲೈಮೇ, ಅಕ್ಷರವೂ ಅವೇ ನಾಲ್ಕು. ಆದರೆ ಹಣ್ಣಿನ ಹೆಸರು ಅರಬರ ಕಡೆಯಿಂದ ಬಂದದ್ದು. ಸುಣ್ಣದ ಹೆಸರು ಇಂಗ್ಲಿಷಿನದೇ ಹಳೆಯ ಪದ, ಮೊದಲು ಅದಕ್ಕೆ ಅಂಟು ಎಂಬ ಅರ್ಥವಿತ್ತು. ಆದ್ದರಿಂದ ಅನುಮಾನ ಬಂದಾಗ ಒಳ್ಳೆಯ ನಿಘಂಟು ತೆರೆದು ಪದದ ಹುಟ್ಟು ನೋಡಿ.

'ರಿಹ್ಯಾಬಿಲಿಟೇಶನ್' ವಿಷಯದಲ್ಲಿ ನಾನೂ ಮೋಸ ಹೋಗಿದ್ದೆ. ಪುನರ್ವಸತಿ ಎಂದು ಓದಿಕೊಂಡಿದ್ದರಿಂದ, 'ಹ್ಯಾಬಿಟಾಟ್'ನಂತೆ ಇದರೊಳಗೂ ವಾಸ ಎಂಬ ಅರ್ಥವಿದೆ ಎಂದೇ ವರ್ಷಗಟ್ಟಲೆ ಪಾಠ ಹೇಳಿದೆ. ನಿಘಂಟು ನೋಡಿದಾಗ ಕಂಡದ್ದು ಬೇರೆ. ಇದರೊಳಗಿರುವುದು 'ಏಬಲ್' ಪದದ ಲ್ಯಾಟಿನ್ ಮೂಲ. ಮತ್ತೆ ಸಮರ್ಥರನ್ನಾಗಿ ಮಾಡುವುದು ರಿಹ್ಯಾಬಿಲಿಟೇಶನ್. ಬೇರೆ ಕಡೆ ನೆಲೆ ಕೊಡುವುದಕ್ಕೆ 'ರಿಸೆಟಲ್‌ಮೆಂಟ್' ಎಂಬ ಪದವೇ ಇದೆ. ಇದನ್ನು ತಿದ್ದಿ ಹೇಳಿದ ದಿನ, ಮುಳುಗಡೆಯಾದವರ ಪುನರ್ವಸತಿ ಕೇಂದ್ರದಿಂದ ಬರುವ ಒಬ್ಬ ಹುಡುಗಿ, "ಹಂಗಾರ ನಮಗ ಸಿಕ್ಕಿದ್ದು ಯಾವ್ದ್ರೀ ಸರ್?" ಎಂದು ಕೇಳಿದಳು. ಪದದ ಬೇರು ತಿಳಿದ ಮೇಲೆ ಹುಟ್ಟಿದ ಪ್ರಶ್ನೆ ಅದು. ಆ ತರಗತಿಯಲ್ಲಿ ಆ ಎರಡು ಪದಗಳನ್ನು ಆಮೇಲೆ ಯಾರೂ ಅದಲುಬದಲು ಮಾಡಲಿಲ್ಲ.

ಇವತ್ತು ರಾತ್ರಿ ನೋಟ್‌ಬುಕ್ಕಿನ ಒಂದು ಹಾಳೆಯ ನಡುವೆ 'ಪೋರ್ಟ್' ಎಂದು ಬರೆಯಿರಿ. ಲ್ಯಾಟಿನ್‌ನಲ್ಲಿ ಅದರ ಅರ್ಥ ಹೊರು, ಒಯ್ಯು. ಲಿಂಬೆ ಹೊರದೇಶಕ್ಕೆ ಹೋದರೆ ಏನೆನ್ನುತ್ತಾರೆ, ಸ್ಟೇಷನ್ನಿನಲ್ಲಿ ಗಂಟುಮೂಟೆ ಹೊರುವವನಿಗೆ ಏನೆನ್ನುತ್ತಾರೆ, ಬಸ್ಸಿನ ಮೈಮೇಲೆ ಏನು ಬರೆದಿರುತ್ತದೆ? ಸುತ್ತಲೂ ಬರೆಯುತ್ತಾ ಹೋಗಿ. ಐದು ಸಿಕ್ಕಮೇಲೆ ಹಾಳೆ ತಿರುಗಿಸಿ.