ಫೋಟೊ ತೆಗೆಯುವ ಮೊದಲು ಪೆನ್ಸಿಲ್ ತೆಗೆಯಿರಿ

ಫುಲ್‌ಶೀರ್, ಕೇಟಿ ಕಡೆ ಹೈಸ್ಕೂಲಿನಲ್ಲಿ ಎಪಿ ಆರ್ಟ್ ಕೋರ್ಸ್ ತೆಗೆದುಕೊಂಡಿರುವ ನಮ್ಮ ಮಕ್ಕಳು ಪ್ರೇರಣೆಗೆಂದು ಹ್ಯೂಸ್ಟನ್‌ನ ಮ್ಯೂಸಿಯಂಗಳಿಗೆ ಹೋಗುತ್ತಾರೆ. ಅಲ್ಲಿನ ಚಿತ್ರಗಳ ರಾಶಿ ಫೋಟೊ ಹೊಡೆಯುತ್ತಾರೆ. ಮನೆಗೆ ಬಂದು ಅದರಲ್ಲೊಂದನ್ನು ಎದುರಿಗಿಟ್ಟುಕೊಂಡು ಹಾಗೇ ಬರೆಯುತ್ತಾರೆ. ಇಂಥ ಚಿತ್ರ ಪೋರ್ಟ್‌ಫೋಲಿಯೊದಲ್ಲಿ ನಕಲೆಂದೇ ಲೆಕ್ಕ.

ಮೊದಲು ಒಂದೇ ಜಾಗ ಆರಿಸಿ. ಒಂದೇ ದಿನ ಎಲ್ಲ ಮ್ಯೂಸಿಯಂ ಮುಗಿಸಲು ಇದೇನು ತೀರ್ಥಯಾತ್ರೆಯಲ್ಲ. ಮೆನಿಲ್ ಕಲೆಕ್ಷನ್ ಮತ್ತು ಕಂಟೆಂಪರರಿ ಆರ್ಟ್ಸ್ ಮ್ಯೂಸಿಯಂ ಎರಡಕ್ಕೂ ಟಿಕೆಟ್ ಇಲ್ಲ; ಮೆನಿಲ್‌ಗೆ ಸೋಮವಾರ, ಮಂಗಳವಾರ ರಜೆ. ಫೈನ್ ಆರ್ಟ್ಸ್ ಮ್ಯೂಸಿಯಂಗೆ ಗುರುವಾರ ಸಾಮಾನ್ಯ ಪ್ರವೇಶ ಉಚಿತ. ಚಿಕ್ಕ ನೋಟ್‌ಬುಕ್, ಪೆನ್ಸಿಲ್ ಒಯ್ಯಿರಿ. ಪೆನ್ನು, ಇದ್ದಿಲು, ಬಣ್ಣ ಮನೆಯಲ್ಲೇ ಇರಲಿ.

ಒಳಗೆ ಹೋದ ಮೇಲೆ ಎಲ್ಲೂ ನಿಲ್ಲದೆ ಒಂದು ಸುತ್ತು ಹಾಕಿ. ಕಣ್ಣನ್ನು ಮತ್ತೆ ತಮ್ಮತ್ತ ಸೆಳೆದ ಎರಡು ಚಿತ್ರ ಸಾಕು. ಪಕ್ಕದ ಬರಹ ಆಮೇಲೆ ಓದಿ.

ಫೋನಿನಲ್ಲಿ ಫೋಟೊ ತೆಗೆಯುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೆನಿಲ್ ಆವರಣದಲ್ಲಿ 1995ರಲ್ಲಿ ತೆರೆದ ಸೈ ಟ್ವಾಂಬ್ಲಿ ಗ್ಯಾಲರಿಯ ಒಂದು ಚಿತ್ರ ಸುಮಾರು 13 ಅಡಿ ಎತ್ತರ, 52 ಅಡಿ ಅಗಲ. ಅದನ್ನು ಅಂಗೈಯಗಲದ ಪರದೆಗೆ ಇಳಿಸಿದರೆ ನಡುವಿನ ಖಾಲಿ ಬಿಳಿಯೇ ಮಾಯ; ಚಿತ್ರದ ಅರ್ಧ ಜೀವ ಇರುವುದು ಅದರಲ್ಲೇ. ಅಲ್ಲಿನ ಬೆಳಕು ಸೂರಿನಿಂದ ಸೋಸಿ ಬರುತ್ತದೆ, ಮೋಡ ಬಂದರೆ ಬಣ್ಣದ ಹದವೂ ಬದಲಾಗುತ್ತದೆ. ಹತ್ತಿರದ ರಾಥ್ಕೊ ಚಾಪೆಲ್‌ನಲ್ಲಂತೂ ಫೋಟೊ ತೆಗೆಯುವಂತೆಯೇ ಇಲ್ಲ. ನನ್ನ ಪ್ರಕಾರ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿನ 14 ಚಿತ್ರಗಳು ಮೊದಲ ನೋಟಕ್ಕೆ ಬರೀ ಕಪ್ಪು. ಬೆಂಚಿನ ಮೇಲೆ ಕಾಲು ಗಂಟೆ ಕೂತರೆ ಕಣ್ಣು ಹೊಂದಿಕೊಂಡು ನೇರಳೆ, ಕಂದುಗೆಂಪು ಒಂದೊಂದಾಗಿ ಮೇಲೇಳುತ್ತವೆ. ಹೆತ್ತವರೇ, ಆ ಹೊತ್ತಿನಲ್ಲಿ "ಆಯ್ತಾ, ಹೋಗೋಣ್ವಾ" ಎನ್ನಬೇಡಿ.

ಆರಿಸಿದ ಚಿತ್ರವನ್ನು ದೂರದಿಂದ ನೋಡಿ ಅದರ ದೊಡ್ಡ ಆಕಾರಗಳನ್ನಷ್ಟೇ ಗೀಚಿ. ಗಾಢ, ತಿಳಿ ಎಲ್ಲೆಲ್ಲಿ ಎಂದು ಗುರುತು ಮಾಡಿ. ಆಮೇಲೆ ನೆಲದ ಮೇಲಿನ ಗೆರೆ ದಾಟದೆ ಹತ್ತಿರ ಹೋಗಿ ಕ್ಯಾನ್ವಾಸಿನ ಅಂಚು ನೋಡಿ. ಕೆಳಗಿನ ಪದರದಲ್ಲಿ ಮೊದಲು ಯಾವ ಬಣ್ಣ ಬಳಿದಿದ್ದರು ಎಂಬುದು ಎಷ್ಟೋ ಸಲ ಅಲ್ಲೇ ಇಣುಕುತ್ತದೆ. ಬಣ್ಣಗಳನ್ನು ಮಾತಿನಲ್ಲಿ ಬರೆದುಕೊಳ್ಳಿ: ಹುಣಸೆಕಂದು, ಮಾಸಿದ ಅರಿಶಿನ. ಕೊನೆಗೆ ಒಂದು ಪ್ರಶ್ನೆ ಬರೆಯಿರಿ. ಇಷ್ಟು ಜಾಗ ಖಾಲಿ ಬಿಟ್ಟದ್ದೇಕೆ, ಎಂಬಂಥದ್ದು.

ಮನೆಗೆ ಬಂದ ಮೇಲೆ ಆ ಪ್ರಶ್ನೆಯನ್ನು ನಿಮ್ಮದೇ ವಸ್ತುವಿಗೆ ಹಾಕಿ. ಅಜ್ಜಿಯ ಅಡುಗೆಮನೆಯಾಗಲಿ, ಫುಲ್‌ಶೀರ್‌ನಲ್ಲಿ ಹೊಲ ಸರಿದು ಮನೆಗಳೆದ್ದ ಬಯಲಾಗಲಿ. ಗೀಚಿದ್ದನ್ನು ಎಸೆಯಬೇಡಿ, ತಾರೀಕು ಹಾಕಿಡಿ. ಎಪಿ ಪೋರ್ಟ್‌ಫೋಲಿಯೊದ 15 ಚಿತ್ರಗಳ ಭಾಗದಲ್ಲಿ ಪ್ರಯೋಗ, ತಿದ್ದುಪಡಿಗಳೂ ಕಾಣಬೇಕು. ಒಟ್ಟು ಅಂಕದಲ್ಲಿ ಶೇ. 60 ಆ ಭಾಗಕ್ಕೇ. ಮೆನಿಲ್‌ಗೆ ಸೋಮವಾರ, ಮಂಗಳವಾರ ರಜೆ.