ಸಬ್‌ವೂಫರ್ ಹೊಟ್ಟೆಗೆ ಎಷ್ಟು ಫೈಬರ್?

ಎಸ್.ಪಿ. ರೋಡಿನಿಂದ ವೂಫರ್ ತಂದು, ಕೆಂಗೇರಿ ಉಪನಗರದ ಮನೆಯಲ್ಲೇ ಪ್ಲೈವುಡ್ ಡಬ್ಬ ಕಟ್ಟಿಸುವವರಿಗೊಂದು ಮಾತು. ಒಳಗೆ ತುಂಬುವ ಫೈಬರ್ ಪ್ರತಿಧ್ವನಿ ಹೀರಲೆಂದೇ ಇದೆ ಎಂದು ಹಲವರ ನಂಬಿಕೆ. ಸಬ್‌ವೂಫರ್ ಮಟ್ಟಿಗೆ ಅದು ಸಲ್ಲದು. 40 ಹರ್ಟ್ಸ್ ಸದ್ದಿನ ಒಂದು ಅಲೆ ಸುಮಾರು ಎಂಟೂವರೆ ಮೀಟರ್ ಉದ್ದ. ಹೆಚ್ಚುಕಮ್ಮಿ ನಮ್ಮ 30×40 ಅಡಿ ಸೈಟಿನ ಅಗಲ. ಎರಡಡಿ ಡಬ್ಬದೊಳಗೆ ಅದು ಪ್ರತಿಧ್ವನಿಸುವುದಾದರೂ ಎಲ್ಲಿ?

ಫೈಬರ್ ಮಾಡುವುದು ಶಾಖದ ಕೆಲಸ. ಕೋನ್ ಒಳಕ್ಕೆ ಒತ್ತಿದಾಗ ಗಾಳಿ ಬಿಸಿಯೇರುತ್ತದೆ. ಎಳೆಗಳು ಆ ಬಿಸಿಯನ್ನು ಹೀರಿ, ಕೋನ್ ಹೊರಬಂದಾಗ ಮರಳಿಸುತ್ತವೆ. ಗಾಳಿಯ ಬಿಗಿ ಸಡಿಲವಾಗಿ, ವೂಫರಿಗೆ ಡಬ್ಬ ದೊಡ್ಡದಾದಂತೆ ತೋರುತ್ತದೆ. ಲೆಕ್ಕದ ಮೇಲೆ ಗರಿಷ್ಠ ಶೇ. 40, ಕೈಗೆ ಸಿಗುವುದು ಅದರ ಅರ್ಧವೋ ಇನ್ನೂ ಕಡಿಮೆಯೋ. ಎಡ್ಗರ್ ವಿಲ್ಚರ್ 1954ರಲ್ಲಿ ತಂದ ಎಆರ್-1 ಎಂಬ ಮುಚ್ಚಿದ ಪೆಟ್ಟಿಗೆಯಲ್ಲೂ ಗಾಜಿನ ನಾರು ತುಂಬಿತ್ತು.

ದಿಂಬಿಗೆ ಹಾಕುವ ಪಾಲಿಯೆಸ್ಟರ್ ಫೈಬರ್ ಸಾಕು. 40 ಲೀಟರಿನ ಮುಚ್ಚಿದ ಡಬ್ಬಕ್ಕೆ ಅರ್ಧ ಕೆಜಿಯಿಂದ ಶುರುಮಾಡಿ, ಚೆನ್ನಾಗಿ ಬಿಡಿಸಿ ಹಾಕಿ. ಗಿಡಿದರೆ ಫೈಬರೇ ಗಾಳಿಯ ಜಾಗ ನುಂಗುತ್ತದೆ. ಹತ್ತಿ ಬೇಡ, ಮಳೆಗಾಲದ ತೇವಕ್ಕೆ ಮುದ್ದೆಯಾಗುತ್ತದೆ. ಪೋರ್ಟ್ ಇರುವ ಡಬ್ಬಕ್ಕೆ ಗೋಡೆಗಷ್ಟೇ ತೆಳುವಾಗಿ ಅಂಟಿಸಿ. ಪೋರ್ಟಿನ ಬಾಯಿ, ಮ್ಯಾಗ್ನೆಟ್ ಹಿಂದಿನ ಗಾಳಿರಂಧ್ರ ತೆರೆದಿರಲಿ.

ಅಂದಹಾಗೆ, ಎಷ್ಟು ತುಂಬಿದರೂ ಪಕ್ಕದ ಮನೆಯವರಿಗೆ ಕೇಳುವ ಗುಡುಗು ತಗ್ಗದು. ಅದಕ್ಕಿರುವುದು ವಾಲ್ಯೂಮ್ ಗುಂಡಿ.