ಮಣ್ಣೊಳಗಿನ ಅಣಬೆ

ಮಳೆ ಬಿದ್ದ ಮೇಲೆ ಹುತ್ತದ ಹತ್ತಿರ ಅಣಬೆ ಏಳುತ್ತದೆ. ಅದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಮಣ್ಣಿನ ಒಳಗೇ ಬೆಳೆಯುವ ಅಣಬೆಯೂ ಇದೆ. ಅದರ ಹೆಸರು ಟ್ರಫಲ್. ನೋಡೋಕೆ ಕರೀ ಆಲೂಗೆಡ್ಡೆ ಹಾಗೆ. ವಾಸನೆ ಬಲು ಜೋರು. ಕಿಲೋಗೆ ಹತ್ತಾರು ಸಾವಿರ ರೂಪಾಯಿ ಬೆಲೆ!

ಇದು ಫ್ರಾನ್ಸ್, ಸ್ಪೇನ್, ಇಟಲಿ ದೇಶಗಳ ಬೆಳೆ. ಓಕ್ ಎಂಬ ಮರದ ಬೇರಿನಲ್ಲಿ ಈ ಅಣಬೆ ಮನೆ ಮಾಡುತ್ತದೆ. ಮರ ಅಣಬೆಗೆ ಸಕ್ಕರೆ ಕೊಡುತ್ತದೆ. ಅಣಬೆ ಮರಕ್ಕೆ ನೀರು, ಸಾರ ತಂದು ಕೊಡುತ್ತದೆ. ಅಲ್ಲಿನ ರೈತರು ಬೇರಿಗೆ ಅಣಬೆ ಕೂಡಿಸಿದ ಸಸಿ ತಂದು ತೋಟ ಮಾಡ್ತಾರೆ. ಆಮೇಲೆ ಆರೇಳು ವರ್ಷ, ಕೆಲವು ಕಡೆ ಹತ್ತು ವರ್ಷ ಕಾಯಬೇಕು. ಮಣ್ಣು ಒಗ್ಗದಿದ್ದರೆ? ಮರ ಬೆಳೆಯುತ್ತದೆ, ಟ್ರಫಲ್ ಬರುವುದಿಲ್ಲ. ಅಷ್ಟು ವರ್ಷದ ದುಡಿಮೆ, ಹಾಕಿದ ದುಡ್ಡು ಎಲ್ಲ ಹೋಯ್ತು. ಅದಕ್ಕೇ ಸಸಿ ನೆಡುವ ಮೊದಲೇ ಮಣ್ಣು ಪರೀಕ್ಷೆ ಮಾಡಿಸುತ್ತಾರೆ.

ಯಾವ ಮಣ್ಣು ಬೇಕು? ಸುಣ್ಣ ಇರುವ ಮಣ್ಣು ಬೇಕು. ಮಣ್ಣಿನ ಹುಳಿ ಅಳೆಯುವ ಲೆಕ್ಕಕ್ಕೆ ರಸಸಾರ ಅಂತಾರೆ. 7 ಅಂದರೆ ಸಮ. ಅದಕ್ಕಿಂತ ಕಡಿಮೆ ಬಂದರೆ ಹುಳಿ ಮಣ್ಣು. ಕರೀ ಟ್ರಫಲ್‌ಗೆ ಸುಮಾರು 7.5ರಿಂದ 8.5 ಇರಬೇಕು. ಹುಳಿ ಮಣ್ಣಾದರೆ ಬೇರೆ ಜಾತಿಯ ಅಣಬೆಗಳು ಬಂದು ಬೇರನ್ನು ಹಿಡಿದುಬಿಡುತ್ತವೆ.

ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಹುಳಿ ಮಣ್ಣೇ ಹೆಚ್ಚು. ಅಲ್ಲಿನ ರೈತರು ಹೊಲಕ್ಕೆ ಸುಣ್ಣಕಲ್ಲಿನ ಪುಡಿ ರಾಶಿ ರಾಶಿ ಸುರಿದರು. 1999ರಲ್ಲಿ ಮೊದಲ ಕರೀ ಟ್ರಫಲ್ ಸಿಕ್ಕಿತು. ನಮ್ಮ ಮಲೆನಾಡಲ್ಲೂ ಹುಳಿ ಮಣ್ಣಿಗೆ ಸುಣ್ಣ ಹಾಕ್ತಾರಲ್ಲ, ಹಾಗೇ.

ನೀರು ನಿಲ್ಲುವ ಜಿಗುಟು ಮಣ್ಣು ಆಗದು. ಸಣ್ಣ ಕಲ್ಲು ಇದ್ದರೆ ಒಳ್ಳೇದೇ, ಮಣ್ಣಲ್ಲಿ ಗಾಳಿ ಆಡುತ್ತದೆ. ಗೊಬ್ಬರ ಜಾಸ್ತಿ ಹಾಕಿದರೆ ಕೆಡುತ್ತದೆ. ಇದು ನಮಗೆ ವಿಚಿತ್ರ ಅನಿಸಬಹುದು. ಹೊಟ್ಟೆ ತುಂಬಿದ ಮರಕ್ಕೆ ಅಣಬೆಯ ಹಂಗು ಯಾಕೆ ಹೇಳಿ? ಆದರೆ ಬೇಸಿಗೆಯಲ್ಲಿ ಮಣ್ಣು ಪೂರಾ ಒಣಗಬಾರದು. ಒಣಗಿದರೆ ಎಳೇ ಟ್ರಫಲ್ ಸಾಯುತ್ತದೆ.

ಮರದ ಸುತ್ತ ಹುಲ್ಲು ಸುಟ್ಟ ಹಾಗೆ ಒಣಗಿದರೆ ರೈತರಿಗೆ ಖುಷಿ. ಅಣಬೆ ನೆಲ ಹಿಡಿದಿದೆ ಅಂತ ಗುರುತು. ಚಳಿಗಾಲದಲ್ಲಿ ನಾಯಿ ಕರೆದುಕೊಂಡು ಹೋಗ್ತಾರೆ. ನಾಯಿ ಮೂಸಿ ಜಾಗ ತೋರಿಸುತ್ತದೆ. ಹಿಂದೆ ಹಂದಿಯಿಂದ ಹುಡುಕಿಸುತ್ತಿದ್ದರು. ಹಂದಿ ಸಿಕ್ಕಿದ್ದನ್ನು ತಾನೇ ತಿಂದುಬಿಡುತ್ತಿತ್ತು!

ಸ್ಪೇನಿನಲ್ಲಿ ಸಾರಿಯೊನ್ ಅಂತ ಒಂದು ಊರಿದೆ. ಸುಣ್ಣಕಲ್ಲಿನ ಒಣ ನೆಲ. ಬೇರೆ ಬೆಳೆ ಅಷ್ಟಕ್ಕಷ್ಟೇ. ಆ ಸೀಮೆಯ ಜನ ಊರು ಬಿಟ್ಟು ಪಟ್ಟಣ ಸೇರುತ್ತಿದ್ದರು. ಈಗ ಊರ ಸುತ್ತ ಟ್ರಫಲ್ ತೋಟಗಳಿವೆ. ಹರೆಯದ ಹುಡುಗರು, ಹುಡುಗಿಯರು ಊರಲ್ಲೇ ದುಡಿಯುತ್ತಾರೆ.

ಉತ್ತರ ಬರೆಯಿರಿ:
ಟಾಸ್ಮೇನಿಯಾದ ರೈತರು ಹೊಲಕ್ಕೆ ಸುಣ್ಣ ಯಾಕೆ ಹಾಕಿದರು?
ನಿಮ್ಮ ಹೊಲದ ಮಣ್ಣು ಯಾವ ಬಣ್ಣ? ಮಳೆ ಬಂದಾಗ ನೀರು ನಿಲ್ಲುತ್ತದೆಯೇ, ಇಂಗುತ್ತದೆಯೇ?